ಕಟ್ಟೆಯ ಮೇಲೆ ಕಡಿಯುವಂತಿಲ್ಲ

ಹಂಪೆಗೆ ಹೋದವರು ವಿರೂಪಾಕ್ಷನ ದರ್ಶನ ಮಾಡಿ, ಕಲ್ಲಿನ ರಥವನ್ನು ನೋಡಿ, ಬಿಸಿಲಿಗೆ ಬೇಸತ್ತು, ಯಾವುದಾದರೊಂದು ಮಂಟಪದ ನೆರಳಿನಲ್ಲಿ ಕಾಲು ಚಾಚಿ ಕೂರುವುದು ವಾಡಿಕೆ. ಹಾಗೆ ಕೂತಾಗ ಮೇಲಿನ ಕೆತ್ತನೆಯನ್ನು ನೋಡುವ ಬದಲು ಒಮ್ಮೆ ತಲೆ ತಗ್ಗಿಸಿ ನೆಲವನ್ನು ನೋಡಬೇಕು. ಚಪ್ಪಡಿಯ ಮೇಲೆ ಅಲ್ಲಲ್ಲಿ ಗೀಟುಗಳು ಕಾಣುತ್ತವೆ. ಚೌಕದೊಳಗೊಂದು ಚೌಕ, ಸಾಲಾಗಿ ಕೊರೆದ ಕುಳಿಗಳು, ಅಡ್ಡಗೆರೆಗಳು. ಇವು ಶಿಲ್ಪಿಗಳ ಕೈಕೆಲಸವಲ್ಲವೆಂದು ನೋಡಿದೊಡನೆಯೇ ತಿಳಿಯುತ್ತದೆ. ಗೆರೆಗಳು ಸೊಟ್ಟ, ಮನೆಗಳು ಒಂದು ದೊಡ್ಡದು ಒಂದು ಚಿಕ್ಕದು. ಹೊತ್ತು ಹೋಗದವರು ಯಾರೋ ಕೂತು ಕೆತ್ತಿದ್ದು. ದೇವರಿಗಾಗಿ ಕೆತ್ತಿದ ಮೂರ್ತಿಗಳಲ್ಲಿ ಎಷ್ಟೋ ಮುಕ್ಕಾದುವು, ಇವರು ಆಟಕ್ಕಾಗಿ ಕೆತ್ತಿದ ಮನೆಗಳು ಉಳಿದುಕೊಂಡುವು.

ಮನೆಗಳೇನೋ ಉಳಿದುವು. ಆದರೆ ಆ ಮನೆಗಳಲ್ಲಿ ಕಾಯಿ ಹೇಗೆ ನಡೆಯುತ್ತಿತ್ತು? ಎಷ್ಟು ಬಿದ್ದರೆ ಕಾಯಿ ಹುಟ್ಟುತ್ತಿತ್ತು? ಕಡಿದವನಿಗೆ ಇನ್ನೊಂದು ಆಟವಿತ್ತೇ? ಕಲ್ಲು ಅದನ್ನು ಹೇಳುವುದಿಲ್ಲ. ಆಡಿದವರು ತಮ್ಮ ಕಾನೂನನ್ನು ಕೆತ್ತಲಿಲ್ಲ. ಕೆತ್ತುವ ಅಗತ್ಯವೇ ಅವರಿಗೆ ತೋರಿರಲಾರದು. ‘ಆಟ ಗೊತ್ತಿಲ್ಲದವನು ಯಾರಿದ್ದಾನೆ?’ ಎಂದುಕೊಂಡಿರಬೇಕು. ಲೋಕದಲ್ಲಿ ಬಹಳ ವಿಷಯಗಳು ಹೀಗೆಯೇ ಕಳೆದುಹೋಗುವುದು. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆದಿಡುವುದಿಲ್ಲ.

ಈ ಮಾತು ನೆನಪಾಗಲು ಕಾರಣ ಚೌಕಾಬಾರ. ಪಗಡೆ, ಚೌಕಾಬಾರ, ಅಳಗುಳಿಮಣೆಗಳಿಗೆ ಈಗ ಮತ್ತೆ ಒಳ್ಳೆಯ ಕಾಲ ಬಂದಿದೆ. ಅಂಗಡಿಗಳಲ್ಲಿ ಅಂದವಾದ ಬಟ್ಟೆಯ ಮೇಲೆ ಮನೆಗಳನ್ನು ಹೊಲಿದು, ನಾಲ್ಕು ಕವಡೆಗಳನ್ನೂ ಬಣ್ಣದ ಕಾಯಿಗಳನ್ನೂ ಚೀಲದಲ್ಲಿಟ್ಟು ಮಾರುತ್ತಾರೆ. ಅದು ಸಂತೋಷವೇ. ಆದರೆ ಚೀಲದೊಳಗೆ ಒಂದು ಅಚ್ಚಾದ ಚೀಟಿಯೂ ಇರುತ್ತದೆ, ‘ಆಟದ ನಿಯಮಗಳು’ ಎಂದು. ಆ ಚೀಟಿಯನ್ನು ನಮ್ಮ ಮನೆಯ ಹುಡುಗರು ಓದಿದರು. ಓದಿ, ನಾನು ಅರವತ್ತು ವರ್ಷಕ್ಕೂ ಮೇಲ್ಪಟ್ಟು ಆಡಿಕೊಂಡು ಬಂದ ಚೌಕಾಬಾರ ‘ಸರಿಯಾದದ್ದಲ್ಲ’ ಎಂದು ತೀರ್ಪಿತ್ತರು. ಅಚ್ಚಿನ ಮುಂದೆ ಅಜ್ಜನ ಮಾತು ನಡೆಯುವುದುಂಟೇ?

ಈ ಆಟವನ್ನು ಮರೆತವರಿಗಾಗಿ ನಾಲ್ಕು ಮಾತು. ಐದು ಅಡ್ಡ, ಐದು ಉದ್ದ, ಒಟ್ಟು 25 ಮನೆಗಳು. ನಾಲ್ಕು ಮಗ್ಗುಲಿನ ನಡುಮನೆಗಳಿಗೂ ಮಧ್ಯದ ಮನೆಗೂ ಕತ್ತರಿ ಗುರುತು; ಅವು ಕಟ್ಟೆ. ಆಡುವವರು ನಾಲ್ವರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿ ಹೊರಸುತ್ತಿನ 16 ಮನೆಗಳನ್ನು ಒಂದು ದಿಕ್ಕಿಗೆ ಸುತ್ತಿ, ಒಳಸುತ್ತಿನ 8 ಮನೆಗಳನ್ನು ಅದರ ಎದುರು ದಿಕ್ಕಿಗೆ ಸುತ್ತಿ, ನಡುಮನೆಗೆ ಹೋದರೆ ಹಣ್ಣಾಯಿತು. ಎಂಥ ಮಾತು ನೋಡಿ! ಇಂಗ್ಲೀಷಿನವರ ಕಾಯಿ ‘ಮನೆ ಸೇರುತ್ತದೆ’, ನಮ್ಮದು ಹಣ್ಣಾಗುತ್ತದೆ. ನಾಲ್ಕು ಕವಡೆ ಎಸೆದಾಗ ಅಂಗಾತ ಬಿದ್ದುವನ್ನು ಎಣಿಸಬೇಕು: ಒಂದು, ಎರಡು, ಮೂರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಚೌಕ ಬಾರಗಳಿಗೆ ಇನ್ನೊಂದು ಆಟ. ಕವಡೆ ಸಿಗದಿದ್ದರೆ ಹುಣಿಸೆ ಬೀಜವನ್ನು ಒಂದು ಮಗ್ಗುಲು ಕಲ್ಲಿನ ಮೇಲೆ ತೇಯ್ದು ಬೆಳ್ಳಗೆ ಮಾಡಿಕೊಂಡರಾಯಿತು. ಕಾಯಿಗಳಿಗೆ ಬಳೆಚೂರು, ಅವರೆಕಾಳು, ಗುಂಡಿ, ಕಡ್ಡಿ, ಏನಾದರೂ ಸರಿ.

ಇಷ್ಟು ಎಲ್ಲ ಕಡೆಯೂ ಒಂದೇ. ಇದರಾಚೆಗೆ ಬೀದಿಗೊಂದು ಕಾನೂನು. ಹೆಸರೇ ಒಂದಲ್ಲ, ನಮ್ಮ ಕಡೆ ಚೌಕಾಬಾರವಾದದ್ದು ಇನ್ನೊಂದು ಕಡೆ ಕಟ್ಟೆಮನೆ, ಮತ್ತೊಂದು ಕಡೆ ಗಟ್ಟಾಮನೆ. ಕಾಯಿ ಹುಟ್ಟಲು ಚೌಕವೋ ಬಾರವೋ ಬೀಳಲೇಬೇಕು ಎನ್ನುವ ಮನೆಯುಂಟು, ಯಾವ ಗರ ಬಿದ್ದರೂ ನಡೆಸಬಹುದು ಎನ್ನುವ ಮನೆಯುಂಟು. ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂದು ಕೆಲವರು. ಕಡಿಯದೆ ಬದುಕಿದವನೇ ಪುಣ್ಯವಂತ, ಹೋಗಲಿ ಬಿಡಿ ಎಂದು ಕೆಲವರು. ಒಂದೇ ಮನೆಯಲ್ಲಿ ಎರಡು ಕಾಯಿ ಕೂಡಿದರೆ ಜೋಡಿಯಾಯಿತು, ಅದನ್ನು ಒಂಟಿ ಕಾಯಿ ಕಡಿಯುವಂತಿಲ್ಲ ಎಂಬುದು ಒಂದು ಪಂಥ. ಜೋಡಿ ಎಂಬುದೇ ಇಲ್ಲ ಎಂಬುದು ಇನ್ನೊಂದು. ಮದುವೆಯಾಗಿ ಬಂದ ಹೆಣ್ಣುಮಕ್ಕಳು ತೌರಿನಿಂದ ಹಪ್ಪಳ ಸಂಡಿಗೆಯ ಹದದ ಜೊತೆಗೆ ಚೌಕಾಬಾರದ ಕಾನೂನನ್ನೂ ತರುತ್ತಿದ್ದರು. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ವಿವಾದ ಒಂದು ವರ್ಷದಲ್ಲಿ ಮುಗಿಯುತ್ತಿತ್ತು. ಜೋಡಿಯನ್ನು ಕಡಿಯಬಹುದೇ ಎಂಬುದು ಮಾತ್ರ ಮೊದಲ ಮಗುವಿನ ನಾಮಕರಣದವರೆಗೂ ನಡೆಯುತ್ತಿತ್ತು.

ನಮ್ಮ ಮನೆಯ ಕಾನೂನುಗಳಿಗೆ ಒಡತಿ ನಮ್ಮ ಅತ್ತೆ. ನನ್ನ ತಂದೆಗೆ ಅಕ್ಕ, ದೊಡ್ಡಪ್ಪನವರಿಗೆ ತಂಗಿ. ಹದಿನಾರು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕಿನೊಂದಿಗೆ ತೌರಿಗೆ ಬಂದವರು, ಮತ್ತೆ ಆ ಹೊಸ್ತಿಲು ದಾಟಲಿಲ್ಲ. ಅಂಥವರು ಆಗ ಮನೆಮನೆಯಲ್ಲೂ ಒಬ್ಬರಿರುತ್ತಿದ್ದರು. ಬೆಳಗಿನ ಜಾವ ಎದ್ದು ಬಾವಿಕಟ್ಟೆಗೆ ಹೋದವರು ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗುವವರೆಗೆ ಕೂರುತ್ತಿರಲಿಲ್ಲ. ಆ ಮನೆಯಲ್ಲಿ ಅವರದೆಂದು ಹೇಳಬಹುದಾದದ್ದು ಆ ಟ್ರಂಕು ಮಾತ್ರ. ಉಗ್ರಾಣದ ಬೀಗದಕೈ ದೊಡ್ಡಮ್ಮನ ಸೊಂಟದಲ್ಲಿ, ದುಡ್ಡಿನ ಪೆಟ್ಟಿಗೆಯದು ದೊಡ್ಡಪ್ಪನವರ ಜನಿವಾರದಲ್ಲಿ. ಆದರೆ ಮಧ್ಯಾಹ್ನ ಊಟವಾಗಿ ಎಲ್ಲರೂ ಪಡಸಾಲೆಯಲ್ಲಿ ಸೇರಿದಾಗ, ಸೀಮೆಸುಣ್ಣದಲ್ಲಿ ಮನೆ ಬರೆಯುವ ಅಧಿಕಾರ ಅತ್ತೆಯದು. ಇದು ಯಾರು ಕೊಟ್ಟದ್ದೋ ತಿಳಿಯದು. ಯಾರೂ ಕೊಟ್ಟದ್ದಲ್ಲವೆಂದು ನನ್ನ ಎಣಿಕೆ. ಇತರರಿಗೆ ಬೇಡವಾದ ಅಧಿಕಾರ ಒಂದು ಉಳಿದಿತ್ತು, ಅದನ್ನು ಅವರು ಎತ್ತಿಕೊಂಡರು.

ಅವರ ಕಾನೂನುಗಳಲ್ಲಿ ಒಂದು ಮಕ್ಕಳಿಗೆ ಸಂಬಂಧಿಸಿದ್ದು. ಎಂಟು ವರ್ಷದೊಳಗಿನವರಿಗೆ ‘ಒಂದು’ ಬಿದ್ದರೂ ಕಾಯಿ ಹುಟ್ಟುತ್ತದೆ. ಈಗ ಕುಳಿತು ಲೆಕ್ಕ ಹಾಕಿದರೆ ಅದರ ಬೆಲೆ ತಿಳಿಯುತ್ತದೆ. ನಾಲ್ಕು ಕವಡೆಗಳು ಬೀಳುವ ಬಗೆಗಳು ಒಟ್ಟು 16. ಅವುಗಳಲ್ಲಿ ಒಂದು ಬೀಳುವುದು 4 ಬಗೆ, ಎರಡು 6 ಬಗೆ, ಮೂರು 4 ಬಗೆ. ಚೌಕಕ್ಕೆ ಒಂದೇ ಬಗೆ, ಬಾರಕ್ಕೂ ಒಂದೇ. (ಕವಡೆ ನಾಣ್ಯದಂತೆ ಸಮಬುದ್ಧಿಯದಲ್ಲ, ತನಗೆ ಒಗ್ಗುವ ಮಗ್ಗುಲಿಗೆ ಹೊರಳುವುದು ಅದರ ಸ್ವಭಾವ; ಲೆಕ್ಕಕ್ಕಾಗಿ ಸಮವೆಂದೇ ಇಟ್ಟುಕೊಳ್ಳೋಣ.) ಚೌಕ ಬಾರಗಳಿಗೇ ಕಾದರೆ ಎಂಟು ಸಲದಲ್ಲಿ ಒಂದು ಸಲ ಕಾಯಿ ಹುಟ್ಟಬಹುದು. ಒಂದನ್ನೂ ಸೇರಿಸಿದರೆ ಎಂಟರಲ್ಲಿ ಮೂರು ಸಲ. ಎಂಟು ಸರದಿಯವರೆಗೆ ಕಾಯಿಯೇ ಹುಟ್ಟದೆ ಕೂತ ಮಗು ಒಂಬತ್ತನೆಯದಕ್ಕೆ ಕವಡೆಗಳನ್ನು ಅಂಗಳಕ್ಕೆ ಎಸೆದು ಅಳುತ್ತದೆ. ಅತ್ತೆಗೆ ಭಾಗಾಕಾರ ಬರುತ್ತಿತ್ತೋ ಇಲ್ಲವೋ, ಮಗುವಿನ ತಾಳ್ಮೆಯ ಅಳತೆ ಬರುತ್ತಿತ್ತು.

ಇನ್ನೊಂದು ಕಾನೂನು ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ನನಗಾಗ ಒಂಬತ್ತು ವರ್ಷ. ದೊಡ್ಡಪ್ಪನವರು ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿದ್ದರು. ಕಚೇರಿಯ ದರ್ಪ ಮಾತ್ರ ನಿವೃತ್ತವಾಗಿರಲಿಲ್ಲ. ಆಟದಲ್ಲಿ ಬಹಳ ಆಸೆ. ಸೋಲು ಎಂದರೆ ಮೇಲಧಿಕಾರಿ ಮೆಮೊ ಕೊಟ್ಟಂತೆ. ಅವರಲ್ಲಿ ಒಂದು ತಂತ್ರವಿತ್ತು. ಅತ್ತೆಯ ಕಾಯಿ ಕಟ್ಟೆಗೆ ಒಂದೆರಡು ಮನೆ ದೂರದಲ್ಲಿ ಒಂಟಿಯಾಗಿ ನಿಂತಿದೆ, ತಮ್ಮ ಕಾಯಿ ಅದರ ಹಿಂದೆ ಇದೆ ಎನ್ನುವಾಗ ಅವರಿಗೆ ಥಟ್ಟನೆ ಕಾಫಿಯ ನೆನಪಾಗುತ್ತಿತ್ತು. ‘ಸ್ವಲ್ಪ ಕಾಫಿ ಆಗಬಹುದೇನಮ್ಮ?’ ಅತ್ತೆ ಎದ್ದು ಹೋಗಲೇಬೇಕು. ಅವರು ಒಲೆ ಊದುತ್ತಿರುವಾಗ ಇಲ್ಲಿ ಅವರ ಸರದಿ ಬಂದು ದಾಟಿಹೋಗುತ್ತಿತ್ತು. ‘ಆಳಿಲ್ಲ, ಮುಂದಕ್ಕೆ ನಡೀರಿ’ ಎಂದು ದೊಡ್ಡಪ್ಪ ಕವಡೆ ಎತ್ತುತ್ತಿದ್ದರು. ಎರಡು ಸುತ್ತು ಹೀಗೆ ಕಳೆದರೆ ಸಾಕು, ಕಾಯಿ ಕಡಿದಿರುತ್ತಿತ್ತು. ಅತ್ತೆ ಲೋಟ ತಂದಿಟ್ಟು ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ, ಬಳೆಚೂರನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಮತ್ತೆ ಚೌಕಕ್ಕೋ ಬಾರಕ್ಕೋ ಕಾಯುತ್ತಿದ್ದರು. ಎಷ್ಟು ವರ್ಷ ಹೀಗೆ ನಡೆದಿತ್ತೋ.

ಒಂದು ಮಧ್ಯಾಹ್ನ ಕಾಫಿಯ ಅಪ್ಪಣೆ ಬಂತು. ಅತ್ತೆ ಎದ್ದರು. ಆದರೆ ಒಳಕ್ಕೆ ಹೋಗಲಿಲ್ಲ. ಸೀಮೆಸುಣ್ಣ ಎತ್ತಿಕೊಂಡು, ಬಾಗಿ, ತಮ್ಮ ಒಂಟಿ ಕಾಯಿಯ ಸುತ್ತ ಒಂದು ಸೊನ್ನೆ ಬರೆದರು.

‘ಇದೇನು?’ ಎಂದರು ದೊಡ್ಡಪ್ಪ.

‘ಒಳಕ್ಕೆ ಕರೆಸಿಕೊಂಡವರ ಕಾಯಿ ಕಡಿಯೋ ಹಾಗಿಲ್ಲ, ಅಣ್ಣಯ್ಯ. ಬರೋವರೆಗೂ ಅವರ ಸರದಿ ನಿಲ್ಲುತ್ತೆ.’

‘ಯಾವ ಶಾಸ್ತ್ರದಲ್ಲಿದೆ?’

‘ಆಟಕ್ಕೆ ಕೂತವರನ್ನ ಅಡಿಗೆಮನೆಗೆ ಅಟ್ಟಬಹುದು ಅಂತ ಯಾವ ಶಾಸ್ತ್ರದಲ್ಲಿದೆಯೋ, ಅದರ ಪಕ್ಕದ ಹಾಳೇಲಿದೆ.’

ಪಡಸಾಲೆಯಲ್ಲಿ ಉಸಿರಿನ ಸದ್ದಿಲ್ಲ. ದೊಡ್ಡಮ್ಮ ಹೂ ಕಟ್ಟುತ್ತಿದ್ದವಳು ದಾರ ಹಿಡಿದ ಕೈ ಹಾಗೇ ನಿಲ್ಲಿಸಿದಳು. ದೊಡ್ಡಪ್ಪ ಕವಡೆಗಳನ್ನು ಚಾಪೆಯ ಮೇಲೆ ಚೆಲ್ಲಿ, ‘ಇಂಥಾ ಆಟ ಯಾವನಾಡ್ತಾನೆ’ ಎಂದು ಎದ್ದು ಜಗಲಿಗೆ ಹೋದರು. ಅತ್ತೆ ಕಾಫಿ ಮಾಡಿ ಜಗಲಿಗೇ ಕೊಟ್ಟುಬಂದರು. ಬಂದು ಕುಳಿತು, ‘ಯಾರ ಸರದಿ?’ ಎಂದರು. ಆ ದಿನ ದೊಡ್ಡಪ್ಪನವರ ಕಾಯಿಗಳನ್ನು ನಾನು ಆಡಿಸಿದೆ. ಮೂರು ದಿನ ಅವರು ಆಟಕ್ಕೆ ಬರಲಿಲ್ಲ. ನಾಲ್ಕನೆಯ ದಿನ, ಯಾರೂ ಕರೆಯದೆ, ಪತ್ರಿಕೆ ಹಿಡಿದುಕೊಂಡು ಬಂದು ಚಾಪೆಯ ಅಂಚಿನಲ್ಲಿ ಕುಳಿತರು. ಕಾನೂನು ಜಾರಿಯಾಗಿತ್ತು. ಅದರ ಮೊದಲ ಲಾಭ ದೊಡ್ಡಮ್ಮನಿಗಾಯಿತು. ಅವಳು ಅದುವರೆಗೆ ಆಟಕ್ಕೇ ಕೂರುತ್ತಿರಲಿಲ್ಲ, ಮಧ್ಯೆ ಎದ್ದು ಹೋಗಬೇಕಲ್ಲ ಎಂದು.

ಹೀಗೆ ಹೇಳಿದೆನೆಂದು ಮನೆಯ ಕಾನೂನೆಲ್ಲ ಧರ್ಮ, ಅಚ್ಚಿನ ಕಾನೂನೆಲ್ಲ ಅಧರ್ಮ ಎಂದು ವಾದಿಸುವವನು ನಾನಲ್ಲ. ದೊಡ್ಡಪ್ಪನವರೂ ಒಂದು ಕಾನೂನು ಮಾಡಿದ್ದರು. ಕವಡೆ ಚಾಪೆಯಿಂದಾಚೆ ಉರುಳಿದರೆ ಮತ್ತೆ ಎಸೆಯಬೇಕು. ಅವರ ಕವಡೆ ಉರುಳಿ ಬಾರ ಬಿದ್ದರೆ ಮಾತ್ರ ಚಾಪೆ ಆ ಹೊತ್ತಿಗೆ ಸ್ವಲ್ಪ ಅಗಲವಾಗುತ್ತಿತ್ತು. ಬಲವುಳ್ಳವನ ಕೈಯಲ್ಲಿ ಮನೆಯ ಕಾನೂನಿಗಿಂತ ಕೆಟ್ಟದ್ದಿಲ್ಲ. ಕುರುಸಭೆಯಲ್ಲಿ ನಡೆದದ್ದಾದರೂ ಏನು? ಧರ್ಮರಾಯ ಮೊದಲು ತನ್ನನ್ನು ಸೋತು ಆಮೇಲೆ ನನ್ನನ್ನು ಪಣವಿಟ್ಟನೋ, ಅಥವಾ ನನ್ನನ್ನು ಸೋತು ಆಮೇಲೆ ತಾನು ಸೋತನೋ ಎಂದು ದ್ರೌಪದಿ ಕೇಳಿದ್ದು ಶುದ್ಧ ಆಟದ ಕಾನೂನಿನ ಪ್ರಶ್ನೆ. ತನ್ನನ್ನೇ ಸೋತವನಿಗೆ ಪಣವಿಡುವ ಹಕ್ಕುಂಟೇ? ಒಂದು ಅಚ್ಚಾದ ಚೀಟಿ ಇದ್ದಿದ್ದರೆ ನೋಡಿ ಹೇಳಬಹುದಾಗಿತ್ತು. ಚೀಟಿ ಇರಲಿಲ್ಲ, ಹಿರಿಯರಿದ್ದರು. ಧರ್ಮ ಸೂಕ್ಷ್ಮವೆಂದು ಹೇಳಿ ಭೀಷ್ಮನೇ ಕೈಚೆಲ್ಲಿದ. ವಿಕರ್ಣನೊಬ್ಬ ಎದ್ದು ನ್ಯಾಯ ಹೇಳಿದ್ದಕ್ಕೆ ಅವನನ್ನು ಹುಡುಗನೆಂದು ಕೂರಿಸಿದರು.

ಆದ್ದರಿಂದ ಬಡವನಿಗೆ, ಗುರುತಿಲ್ಲದವನಿಗೆ ಅಚ್ಚಿನ ನಿಯಮ ಒಂದು ದೊಡ್ಡ ಆಸರೆ. ಕೇರಂ ಆಟವನ್ನೇ ನೋಡಿ. ನಮ್ಮ ಮನೆಗಳಲ್ಲಿ ಕಪ್ಪಿಗೆ ಹತ್ತು, ಬಿಳಿಗೆ ಇಪ್ಪತ್ತು, ಕೆಂಪಿಗೆ ಐವತ್ತು ಎಂದು ಎಣಿಸಿಕೊಂಡು, ಹಲಗೆಗೆ ಸುರಿದ ಪೌಡರಿನ ಪ್ರಮಾಣದ ಬಗ್ಗೆ ಜಗಳವಾಡಿಕೊಂಡು ಆಡುತ್ತೇವೆ. 1988ರಲ್ಲಿ ಅಂತರರಾಷ್ಟ್ರೀಯ ಕೇರಂ ಒಕ್ಕೂಟ ಚೆನ್ನೈಯಲ್ಲಿ ಹುಟ್ಟಿತು. ಪಂದ್ಯದ ಲೆಕ್ಕ ಬೇರೆ. ಒಂಬತ್ತು ಕಪ್ಪು, ಒಂಬತ್ತು ಬಿಳಿ, ಒಂದು ರಾಣಿ, ಯಾರ ಬಣ್ಣ ಮೊದಲು ಮುಗಿಯಿತೋ ಅವರಿಗೆ ಎದುರಾಳಿಯ ಉಳಿದ ಕಾಯಿಗಳಷ್ಟು ಅಂಕ, ರಾಣಿಗೆ ಮೂರು. ಯಾರ ಮನೆಯಲ್ಲಿ ಆಡಿದರೂ ಇದೇ. 2024ರಲ್ಲಿ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್ಪಿನಲ್ಲಿ ಚೆನ್ನೈಯ ಆಟೋ ಚಾಲಕರೊಬ್ಬರ ಮಗಳು, ಕಾಸಿಮಾ ಎಂಬ ಹುಡುಗಿ, ಮೂರು ಚಿನ್ನದ ಪದಕ ಗೆದ್ದಳು. ಯಾವ ದೊಡ್ಡಪ್ಪನೂ ಅವಳನ್ನು ಕಾಫಿಗೆ ಕಳಿಸುವಂತಿರಲಿಲ್ಲ. ಅಲ್ಲಿ ನಾನು ಅಚ್ಚಿನ ಪಕ್ಷವೇ.

ಆದರೆ ಅಚ್ಚಿನ ನಿಯಮ ಎಲ್ಲಿಂದ ಬಂತು? ಆಕಾಶದಿಂದಲೇ? ಅದೂ ಯಾವುದೋ ಒಂದು ಮನೆಯ ಕಾನೂನೇ. ಆ ಮನೆಯ ಪಕ್ಕದಲ್ಲಿ ಅಚ್ಚುಕೂಟವಿತ್ತು, ಅಷ್ಟೇ ವ್ಯತ್ಯಾಸ. ನಮ್ಮ ಪಚ್ಚೀಸಿಯನ್ನೇ ಕೊಂಚ ಇಳಿಸಿ, ಕವಡೆ ತೆಗೆದು ದಾಳ ಇಟ್ಟು, 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಎಂದು ಪೇಟೆಂಟು ಮಾಡಿಸಿದರು. ಅಕ್ಬರನ ಫತೇಪುರ ಸಿಕ್ರಿಯ ಅಂಗಳದಲ್ಲಿ ಆ ಪಚ್ಚೀಸಿಯ ಮನೆಗಳು ಇವತ್ತೂ ಇವೆ. ಪೇಟೆಂಟು ಮಾತ್ರ ಲಂಡನ್ನಿನದು.

ಇನ್ನೂ ಸೊಗಸಾದದ್ದು ಮೊನಾಪಲಿಯ ಕಥೆ. ನಮ್ಮ ಹುಡುಗರು ಮುಂಬಯಿ ಕಲ್ಕತ್ತಗಳನ್ನು ಕೊಂಡು ಮಾರುವ ‘ಬಿಸಿನೆಸ್’ ಆಟಕ್ಕೆ ಅದೇ ಮೂಲ. ಎಲಿಜಬೆತ್ ಮ್ಯಾಗಿ ಎಂಬ ಅಮೆರಿಕದ ಹೆಂಗಸು 1904ರಲ್ಲಿ ‘ಭೂಮಾಲೀಕರ ಆಟ’ಕ್ಕೆ ಪೇಟೆಂಟು ಪಡೆದಳು. ನೆಲದ ಬಾಡಿಗೆಯಿಂದ ಕೆಲವರು ಕೊಬ್ಬಿ ಉಳಿದವರು ಹೇಗೆ ಹಾಳಾಗುತ್ತಾರೆಂದು ಜನಕ್ಕೆ ತೋರಿಸುವುದು ಆಕೆಯ ಉದ್ದೇಶ. ಜನ ಅದನ್ನು ಬಟ್ಟೆಯ ಮೇಲೆ, ಹಲಗೆಯ ಮೇಲೆ ತಾವೇ ಬರೆದುಕೊಂಡು ಆಡಿದರು. ಊರಿಂದೂರಿಗೆ ಹೋದಂತೆ ಬೀದಿಗಳ ಹೆಸರು ಬದಲಾಯಿತು, ಕಾನೂನೂ ಬದಲಾಯಿತು. ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದವರು ತಮ್ಮ ಊರಿನ ಬೀದಿಗಳನ್ನು ಹಾಕಿಕೊಂಡರು. ಅಲ್ಲಿಂದ ಬಂದ ಪ್ರತಿಯೊಂದನ್ನು ಕಲಿತ ಚಾರ್ಲ್ಸ್ ಡ್ಯಾರೋ ಎಂಬಾತ ಅದನ್ನು ತನ್ನದೆಂದು ಪಾರ್ಕರ್ ಬ್ರದರ್ಸ್ ಕಂಪನಿಗೆ 1935ರಲ್ಲಿ ಮಾರಿದ. ಅಂದಿನಿಂದ ಅದು ‘ಅಧಿಕೃತ’. ನಡುವೆ ಯಾರೋ ಮಾರ್ವೆನ್ ಗಾರ್ಡನ್ಸ್ ಎಂಬ ಬಡಾವಣೆಯ ಹೆಸರನ್ನು ನಕಲು ಮಾಡುವಾಗ ಮಾರ್ವಿನ್ ಎಂದು ತಪ್ಪು ಬರೆದರು. ಆ ಕಾಗುಣಿತದ ತಪ್ಪೂ ಅಧಿಕೃತವಾಗಿ ಅಚ್ಚಾಯಿತು. ಕಂಪನಿ 1995ರಲ್ಲಿ ಆ ಬಡಾವಣೆಯವರ ಕ್ಷಮೆ ಕೇಳಿತು. ಅಚ್ಚಿನ ಮಹಿಮೆ ಇದು!

ಆ ಮೊನಾಪಲಿಯ ಅಧಿಕೃತ ನಿಯಮವನ್ನಾದರೂ ಜನ ಕೇಳಿದರೇ? ಒಂದು ನಿವೇಶನಕ್ಕೆ ಬಂದವನು ಅದನ್ನು ಕೊಳ್ಳದಿದ್ದರೆ ಒಡನೆ ಹರಾಜು ಹಾಕಬೇಕೆಂದು ಚೀಟಿ ಹೇಳುತ್ತದೆ. ಹೆಚ್ಚಿನ ಮನೆಗಳಲ್ಲಿ ಹರಾಜೆಂಬುದೇ ಇಲ್ಲ. ‘ಉಚಿತ ನಿಲುಗಡೆ’ ಎಂಬ ಮನೆಯಲ್ಲಿ ಏನೂ ಸಿಗುವುದಿಲ್ಲವೆಂದು ಚೀಟಿ ಹೇಳುತ್ತದೆ. ಜನ ತೆರಿಗೆ ದಂಡಗಳ ದುಡ್ಡನ್ನೆಲ್ಲ ನಡುವೆ ಗುಡ್ಡೆ ಹಾಕಿ ಅಲ್ಲಿ ಬಂದವನಿಗೆ ಕೊಡುತ್ತಾರೆ. ಆಟ ಬಲ್ಲವರು ತಲೆ ಚಚ್ಚಿಕೊಳ್ಳುತ್ತಾರೆ: ಹೀಗೆ ದಿವಾಳಿಯೇಳಬೇಕಾದವನಿಗೆ ದುಡ್ಡು ಸುರಿದರೆ ಆಟ ಮುಗಿಯುವುದು ಯಾವಾಗ? ಅವರ ಮಾತು ಸರಿ. ಆದರೆ ಮನೆಯಲ್ಲಿ ಕೂತು ಆಡುವವರು ಆಟ ಮುಗಿಯಲಿ ಎಂದು ಆಡುತ್ತಾರೆಯೇ? ಒಬ್ಬನನ್ನು ದಿವಾಳಿ ಮಾಡಿ ಮೂಲೆಗೆ ಕೂರಿಸಿದರೆ ಉಳಿದವರಿಗೆ ಅಂದಿನ ಸಂಜೆ ಚಪ್ಪೆಯಾಗುತ್ತದೆ. ಅಚ್ಚಿನ ನಿಯಮಕ್ಕೆ ಬೇಕಾದದ್ದು ಗೆದ್ದವನು. ಮನೆಯ ಕಾನೂನಿಗೆ ಬೇಕಾದದ್ದು ನಾಳೆಯೂ ಆಡಲು ಬರುವ ನಾಲ್ವರು. ಕೊನೆಗೆ 2014ರಲ್ಲಿ ತಯಾರಕರೇ ಜನರ ಮನೆಗಳ ಕಾನೂನುಗಳನ್ನು ಕೇಳಿ ಆರಿಸಿ, ಅವುಗಳನ್ನೇ ಒಂದು ಪೆಟ್ಟಿಗೆಯಲ್ಲಿ ಹಾಕಿ ಮಾರಿದರು. ತೌರಿನ ಹಪ್ಪಳವನ್ನು ಅಂಗಡಿಯಿಂದ ಕೊಂಡುಕೊಂಡಂತಾಯಿತು.

ಇವೆಲ್ಲ ನಗುವಿನ ಮಾತು. ನಗಲಾರದ್ದು ಒಂದುಂಟು.

ಚದುರಂಗ ನಮ್ಮ ನಾಡಿನದೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ನಮ್ಮ ಹಿರಿಯರು ಆಡುತ್ತಿದ್ದ ಚದುರಂಗವನ್ನು ಈಗ ಆಡುವವರು ವಿರಳ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ನಡೆಯುತ್ತಿತ್ತು. ರಾಜ ಕೋಟೆ ಕಟ್ಟಿಕೊಳ್ಳುತ್ತಿರಲಿಲ್ಲ, ಬದಲಿಗೆ ಶಹ ಬೀಳುವ ಮೊದಲು ಒಂದೇ ಒಂದು ಸಲ ಕುದುರೆಯಂತೆ ನೆಗೆಯಬಹುದಾಗಿತ್ತು. ಕಾಲಾಳು ಕೊನೆಯ ಮನೆ ಮುಟ್ಟಿದರೆ ತಾನು ಬಯಸಿದ್ದಾಗುವಂತಿರಲಿಲ್ಲ, ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿ ಮಾತ್ರ ಆಗಬಹುದಾಗಿತ್ತು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಈ ಆಟವನ್ನು ಚಿಕ್ಕಂದಿನಲ್ಲಿ ತಂದೆಯಿಂದ ಕಲಿತ. ಅವನ ಪೋಷಕ ಸರ್ ಉಮರ್ ಹಯಾತ್ ಖಾನ್ ಅವನಿಗೆ ವಿಲಾಯಿತಿ ನಿಯಮಗಳನ್ನು ಕಲಿಸಿ, 1929ರಲ್ಲಿ ಲಂಡನ್ನಿಗೆ ಕರೆದೊಯ್ದ. ಆ ವರ್ಷವೇ ಸುಲ್ತಾನ್ ಖಾನ್ ಬ್ರಿಟಿಷ್ ಚಾಂಪಿಯನ್ ಆದ! 1932, 1933ರಲ್ಲಿ ಮತ್ತೆ ಆದ. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಕಾಪಬ್ಲಾಂಕನನ್ನೇ ಸೋಲಿಸಿದ. ಆಟದ ಆರಂಭದ ನಡೆಗಳಲ್ಲಿ ಮಾತ್ರ ಅವನು ದುರ್ಬಲನೆಂದು ಬಲ್ಲವರು ಹೇಳುತ್ತಾರೆ. ದುರ್ಬಲನಾಗದೆ ಇನ್ನೇನು? ಎದುರಿಗೆ ಕೂತವರು ಹುಟ್ಟಿನಿಂದ ಕಾಲಾಳನ್ನು ಎರಡು ಮನೆ ನಡೆಸಿದವರು. ಇವನು ಪ್ರಾಯದಲ್ಲಿ ತನ್ನ ತಂದೆಯ ಆಟವನ್ನು ಕೈಯಿಂದ ಮರೆಸಿ ಬೇರೆ ಆಟ ಕಲಿತವನು. ಅವರ ಮನೆಯ ಕಾನೂನು ಜಗತ್ತಿನ ಕಾನೂನಾಯಿತು, ಇವನ ಮನೆಯದು ಹಳ್ಳಿಯ ಪದ್ಧತಿ ಎನಿಸಿತು. 1933ರ ಕೊನೆಯಲ್ಲಿ ಪೋಷಕನೊಡನೆ ಊರಿಗೆ ಮರಳಿದ, 1966ರಲ್ಲಿ ತೀರಿಕೊಂಡ. ವಿಶ್ವ ಚದುರಂಗ ಒಕ್ಕೂಟ ಅವನಿಗೆ ಗ್ರ್ಯಾಂಡ್‌ಮಾಸ್ಟರ್ ಎಂಬ ಗೌರವವಿತ್ತದ್ದು 2024ರಲ್ಲಿ. ಕಾಯಿ ಹಣ್ಣಾಗಲು ಇಷ್ಟು ಸುತ್ತು.

ಮೈಸೂರಿನವರಿಗೆ ಈ ಮಾತು ಬಂದಾಗ ಮುಮ್ಮಡಿ ಕೃಷ್ಣರಾಜ ಒಡೆಯರು ನೆನಪಾಗದಿರರು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಅರಮನೆಯಲ್ಲಿ ಉಳಿದ ದೊರೆ ಚದುರಂಗದ ಮನೆಗಳಲ್ಲೆಲ್ಲ ಕುದುರೆಯನ್ನು ಒಂದೊಂದೇ ಸಲ ಕೂರುವಂತೆ ನಡೆಸುವ ದಾರಿಗಳನ್ನು ರಚಿಸಿದರು, ಗಂಜೀಫಾ ಎಲೆಗಳಿಗೆ ಹೊಸ ಹೊಸ ಕಟ್ಟುಗಳನ್ನು ಕಲ್ಪಿಸಿದರು, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳಿಗೇ ಸ್ಥಾನ ಕೊಟ್ಟರು. ರಾಜ್ಯವಿಲ್ಲದ ರಾಜನಿಗೆ ಇದೇ ಗೀಳು ಎಂದು ಆ ಕಾಲದ ಸಾಹೇಬರು ನಕ್ಕಿರಬಹುದು. ನನಗೆ ನಗು ಬರುವುದಿಲ್ಲ. 64 ಮನೆಗಳ ಮೇಲೆ ಕುದುರೆ ಎಲ್ಲಿ ಹೋಗಬೇಕೆಂದು ಹೇಳಲು ಕಮಿಷನರ ಅಪ್ಪಣೆ ಬೇಕಾಗಿರಲಿಲ್ಲ. ದೊರೆಯ ಪಕ್ಕದಲ್ಲಿ ಒಂದು ಟ್ರಂಕಿನ ಒಡತಿಯನ್ನು ಕೂರಿಸುವುದು ಅತಿಯಾಯಿತೆಂದು ಯಾರಾದರೂ ಹೇಳಿದರೆ ಹೇಳಲಿ.

ಮನೆಯ ಹುಡುಗರಿಗೆ ನಾನು ಅತ್ತೆಯ ಕಾನೂನುಗಳನ್ನು ಬರೆದುಕೊಡುತ್ತೇನೆಂದು ಒಪ್ಪಿದ್ದೇನೆ. ಬರೆಯಲು ಕೂತರೆ ಕಷ್ಟ ತಿಳಿಯುತ್ತದೆ. ‘ಒಳಕ್ಕೆ ಕರೆಸಿಕೊಂಡವರು’ ಎಂದರೆ ಯಾರು? ಈಗ ಆಟದ ನಡುವೆ ಎದ್ದು ಹೋಗುವವರು ಅಡಿಗೆಮನೆಗಲ್ಲ, ಟೆಲಿಫೋನು ಹಿಡಿದುಕೊಂಡು ಮಹಡಿಗೆ ಹೋಗುತ್ತಾರೆ. ಆಫೀಸಿನ ಕರೆ ಬಂದಾಗ ತನ್ನ ಕಾಯಿಗೂ ಸೊನ್ನೆ ಸುತ್ತಬೇಕೆಂದು ನನ್ನ ಮಗ ಕೇಳಿದ. ಸೊಸೆ ಒಪ್ಪಲಿಲ್ಲ. ‘ಸಂಬಳ ಬರೋ ಕೆಲಸಕ್ಕೆ ಈ ರಿಯಾಯಿತಿ ಇಲ್ಲ’ ಎಂದಳು. ಅವಳ ವ್ಯಾಖ್ಯಾನ ಅತ್ತೆಯ ಮನಸ್ಸಿಗೆ ಹತ್ತಿರವೆಂದು ನನಗೆ ತೋರಿತು. ಹಾಗೆಂದು ಅಡಿಯಲ್ಲಿ ಟಿಪ್ಪಣಿ ಬರೆದೆ. ಎಂಟು ವರ್ಷದೊಳಗಿನವರ ಕಾನೂನನ್ನು ಇದ್ದಂತೆಯೇ ಇಟ್ಟೆ. ಚಾಪೆಯ ಕಾನೂನನ್ನು ಬಿಟ್ಟುಬಿಟ್ಟೆ.

ಬರೆಯುವಾಗ ಇನ್ನೊಂದು ಮಧ್ಯಾಹ್ನ ನೆನಪಿಗೆ ಬಂತು. ಅತ್ತೆ ತೀರಿಕೊಂಡು ವರ್ಷಾಂತಿಕ ಆಗಿತ್ತು. ದೊಡ್ಡಪ್ಪನವರಿಗೆ ಎಂಬತ್ತು ಸಮೀಪಿಸಿತ್ತು, ಕವಡೆ ಹಿಡಿದ ಕೈ ನಡುಗುತ್ತಿತ್ತು. ನಮ್ಮ ಅಮ್ಮ ಭಾವನವರ ಎದುರಿಗೆ ಚಾಪೆಯ ಮೇಲೆ ಕೂರುತ್ತಿರಲಿಲ್ಲ. ಅಡಿಗೆಮನೆಯ ಹೊಸ್ತಿಲಾಚೆ ಕೂತು ಕವಡೆ ಎಸೆಯುವಳು, ನಮ್ಮ ತಂಗಿ ಅವಳ ಕಾಯಿ ನಡೆಸುವಳು. ಹಾಲು ಉಕ್ಕಿದ ವಾಸನೆ ಬಂದು ಅಮ್ಮ ಎದ್ದು ಓಡಿದಳು. ಸರದಿ ಅವಳದೇ. ಪಕ್ಕದ ಮನೆಯ ಹುಡುಗನಿಗೆ ನಮ್ಮ ಕಾನೂನು ತಿಳಿಯದು. ‘ಆಳಿಲ್ಲ, ನಾನಾಡ್ತೀನಿ’ ಎಂದು ಕವಡೆಗೆ ಕೈ ಹಾಕಿದ.

‘ಇಡೋ ಅದನ್ನ. ಅವಳು ಬರಲಿ’ ಎಂದರು ದೊಡ್ಡಪ್ಪ.

ಸೀಮೆಸುಣ್ಣ ಕೈಗೆಟುಕಲಿಲ್ಲ. ಬಾಗಿ, ಅಮ್ಮನ ಕಾಯಿಯ ಸುತ್ತ ಬೆರಳಿನಿಂದಲೇ ಒಂದು ಸೊನ್ನೆ ಸುತ್ತಿದರು. ನಾಲ್ಕು ಕವಡೆಗಳನ್ನೂ ಮುಷ್ಟಿಯಲ್ಲಿ ಹಿಡಿದು ಕಾದರು. ಅಮ್ಮ ಒಲೆ ಒರೆಸಿ, ಪಾತ್ರೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಬರುವುದಕ್ಕೆ ಹತ್ತು ನಿಮಿಷವಾಯಿತು. ಬಂದವಳು ಕವಡೆ ಎಸೆದಳು. ನಾಲ್ಕೂ ಕವುಚಿ ಬಿದ್ದುವು. ನಮ್ಮ ತಂಗಿ ಎಂಟು ಮನೆ ಎಣಿಸಿ ನಿಲ್ಲಿಸಿದಲ್ಲಿ ಒಂಟಿಯಾಗಿ ನಿಂತಿದ್ದದ್ದು ದೊಡ್ಡಪ್ಪನವರ ಕಾಯಿ. ಕಟ್ಟೆಗೆ ಇನ್ನೊಂದೇ ಮನೆ ಇತ್ತು. ಅಮ್ಮ ಹೊಸ್ತಿಲಾಚೆಯಿಂದ ಏನೂ ಹೇಳಲಾರದೆ ಕುಳಿತಳು.

‘ಏನು ನೋಡ್ತೀಯೆ? ಕಡಿ’ ಎಂದರು ನಮ್ಮ ತಂಗಿಗೆ.